ನೆಟ್‌ವರ್ಕಿನಲ್ಲಿ ಫೈಲ್ ಸರ್ವರನ್ನು ಎಲ್ಲಿ, ಹೇಗೆ ಇರಿಸಬೇಕು

ಎಲ್ಲರ ಕಡತಗಳನ್ನೂ ಒಂದೆಡೆ ಇಟ್ಟು ಹಂಚಿಕೊಡುವ ಫೈಲ್ ಸರ್ವರ್ ಎಷ್ಟೇ ಗಟ್ಟಿಯಾದ ಯಂತ್ರವಾಗಿರಲಿ, ಅದಕ್ಕೂ ಬಳಕೆದಾರರಿಗೂ ನಡುವೆ ಇರುವ, ನೆಟ್‌ವರ್ಕ್ ಕೇಬಲುಗಳನ್ನು ಒಂದಕ್ಕೊಂದು ಜೋಡಿಸುವ ಒಂದು ಚಿಕ್ಕ ಸ್ವಿಚ್ ಕೆಟ್ಟು ನಿಂತರೆ ಅವರ ಪಾಲಿಗೆ ಸರ್ವರೇ ಕೆಟ್ಟಂತೆ. ಸರ್ವರ್ ಕೊಳ್ಳುವಾಗ ಡಿಸ್ಕುಗಳೆಷ್ಟು, ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಯಾವ ಬಗೆಯದು, ಮೆಮೊರಿ ಎಷ್ಟು ಎಂಬ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ; ಆದರೆ ಅದನ್ನು ಯಾವ ಸ್ವಿಚ್ಚಿಗೆ ಜೋಡಿಸಬೇಕು, ಯಾವ ಸೇವೆಗಳನ್ನು ನಂಬಿಕೊಂಡು ಅದು ನಡೆಯಬೇಕು ಎಂಬ ವಿಚಾರ ಬಂದಾಗ, ಖಾಲಿ ಪೋರ್ಟ್ ಎಲ್ಲಿದೆಯೋ ಅಲ್ಲಿ ಕೇಬಲ್ ಸಿಕ್ಕಿಸುವುದರೊಂದಿಗೆ ಕೆಲಸ ಮುಗಿಯುತ್ತದೆ. ಸರ್ವರಿನ ಸ್ಥಾನವನ್ನು ನಿರ್ಧರಿಸುವಾಗ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಬ್ಬ ಬಳಕೆದಾರರು ಒಂದು ಕಡತವನ್ನು ತೆರೆಯಬೇಕಾದರೆ, ಆ ಕ್ಷಣದಲ್ಲಿ ಏನೇನೆಲ್ಲ ಸರಿಯಾಗಿ ಕೆಲಸ ಮಾಡುತ್ತಿರಬೇಕು? ಈ ಪಟ್ಟಿ ಚಿಕ್ಕದಾದಷ್ಟೂ ವ್ಯವಸ್ಥೆ ಭದ್ರವಾಗುತ್ತದೆ. ಪಟ್ಟಿಯಿಂದ ತೆಗೆಯಲಾಗದ್ದನ್ನು ಜೋಡಿಯಾಗಿ ಇರಿಸಿಕೊಳ್ಳಬೇಕಾಗುತ್ತದೆ.

ಮೊದಲು ದಾರಿಯ ನಕ್ಷೆ ಬರೆಯಿರಿ

ಒಂದು ಹಾಳೆಯ ಎಡತುದಿಯಲ್ಲಿ ಬಳಕೆದಾರರ ಕಂಪ್ಯೂಟರನ್ನೂ ಬಲತುದಿಯಲ್ಲಿ ಫೈಲ್ ಸರ್ವರನ್ನೂ ಬರೆದು, ನಡುವೆ ಇರುವ ಪ್ರತಿಯೊಂದು ವಸ್ತುವನ್ನೂ ಗುರುತಿಸಿ. ಗೋಡೆಯ ಸಾಕೆಟ್, ಆ ಮಹಡಿಯ ಸ್ವಿಚ್, ಅಲ್ಲಿಂದ ಮೇಲಕ್ಕೆ ಹೋಗುವ ಕೇಬಲ್, ಮುಖ್ಯ ಸ್ವಿಚ್, ಇದ್ದರೆ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್, ಸರ್ವರ್ ಕೋಣೆಯ ಸ್ವಿಚ್, ಸರ್ವರಿನ ನೆಟ್‌ವರ್ಕ್ ಕಾರ್ಡ್ ಇವೆಲ್ಲ ಆ ಸಾಲಿನಲ್ಲಿ ಬರುತ್ತವೆ. ಕಣ್ಣಿಗೆ ಕಾಣುವ ಈ ಸಾಲಿನ ಕೆಳಗೆ, ಕಾಣದ ಇನ್ನೊಂದು ಸಾಲನ್ನು ಬರೆಯಬೇಕು: ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್, ಬಳಕೆದಾರರ ಗುರುತನ್ನು ಪರೀಕ್ಷಿಸುವ ಲಾಗಿನ್ ಸೇವೆ, ವಿಳಾಸ ಹಂಚುವ ಡಿಎಚ್‌ಸಿಪಿ, ಎಲ್ಲ ಯಂತ್ರಗಳ ಗಡಿಯಾರವನ್ನು ಒಂದೇ ಸಮಯಕ್ಕೆ ತರುವ ಸೇವೆ ಮತ್ತು ಇವೆಲ್ಲಕ್ಕೂ ಬೇಕಾದ ವಿದ್ಯುತ್ತು. ಇಂತಲ್ಲೊಂದು ಕಂಪ್ಯೂಟರ್ ಇದೆ ಎಂಬುದೇ ನಮಗೆ ತಿಳಿದಿರದಿದ್ದರೂ ಅದು ಕೆಟ್ಟಾಗ ನಮ್ಮ ಕಂಪ್ಯೂಟರ್ ನಿರುಪಯುಕ್ತವಾಗುವುದಾದರೆ ಅದೇ ವಿತರಿತ ವ್ಯವಸ್ಥೆ ಎಂಬ ಅರ್ಥದ ಮಾತನ್ನು ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1987ರಲ್ಲಿ ಬರೆದಿದ್ದರು. ನಕ್ಷೆಯ ಕೆಳಸಾಲಿನಲ್ಲಿ ಹುಡುಕಬೇಕಾದದ್ದು ಅಂಥ ಕಂಪ್ಯೂಟರುಗಳನ್ನೇ.

ನಕ್ಷೆ ಸಿದ್ಧವಾದ ಮೇಲೆ ಒಂದು ಸರಳ ಲೆಕ್ಕ ಹಾಕಬಹುದು. ಒಂದು ಸಾಧನ ನೂರರಲ್ಲಿ 99.9 ಪಾಲು ಸಮಯ ಚಾಲನೆಯಲ್ಲಿರುತ್ತದೆ ಎಂದುಕೊಂಡರೆ, ವರ್ಷದ 8,760 ಗಂಟೆಗಳಲ್ಲಿ ಅದು ಸುಮಾರು 9 ಗಂಟೆ ಕೈಕೊಡುತ್ತದೆ. ಅಂಥ ಐದು ಸಾಧನಗಳು ಒಂದರ ಹಿಂದೆ ಒಂದರಂತೆ ಸಾಲಾಗಿದ್ದು, ಐದೂ ನಡೆಯುತ್ತಿದ್ದರೆ ಮಾತ್ರ ಕಡತ ಸಿಗುವಂತಿದ್ದರೆ, 99.9 ಎಂಬುದು 99.5ಕ್ಕೆ ಇಳಿದು, ಕೈಕೊಡುವ ಸಮಯ ವರ್ಷಕ್ಕೆ ಸುಮಾರು 44 ಗಂಟೆಗೆ ಏರುತ್ತದೆ. ಅದೇ ಬಗೆಯ ಎರಡು ಸಾಧನಗಳು ಪಕ್ಕಪಕ್ಕದಲ್ಲಿದ್ದು, ಯಾವುದಾದರೂ ಒಂದು ನಡೆದರೆ ಸಾಕು ಎಂಬಂತಿದ್ದರೆ, ಎರಡೂ ಒಟ್ಟಿಗೆ ಕೆಡುವ ಸಮಯ ವರ್ಷಕ್ಕೆ ಅರ್ಧ ನಿಮಿಷದಷ್ಟು ಮಾತ್ರ. ಆದರೆ ಈ ಎರಡನೆಯ ಅಂಕಿಯನ್ನು ಹಾಗೆಯೇ ನಂಬಬಾರದು, ಏಕೆಂದರೆ ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವೇ ಇಲ್ಲ ಎಂಬ ಊಹೆಯ ಮೇಲೆ ಅದು ನಿಂತಿದೆ. ಎರಡು ಸ್ವಿಚ್ಚುಗಳೂ ಒಂದೇ ಪವರ್ ಸ್ಟ್ರಿಪ್ಪಿಗೆ ಜೋಡಿಸಲ್ಪಟ್ಟಿದ್ದರೆ ಆ ಊಹೆ ಅಲ್ಲಿಗೇ ಮುರಿದುಬೀಳುತ್ತದೆ. ಆದ್ದರಿಂದ ಒಂದರ ಬದಲು ಎರಡನ್ನು ಇಟ್ಟಲ್ಲೆಲ್ಲ, ಆ ಎರಡಕ್ಕೂ ಸಮಾನವಾದದ್ದು ಏನಿದೆ ಎಂದು ಮತ್ತೊಮ್ಮೆ ಹುಡುಕಿ ನಕ್ಷೆಯಲ್ಲಿ ಗುರುತು ಮಾಡಬೇಕು.

ಬಳಕೆದಾರರಿಗೆ ಹತ್ತಿರ ಇರಿಸುವುದು

ಫೈಲ್ ಸರ್ವರ್ ಮುಖ್ಯ ಸ್ವಿಚ್ಚಿಗೆ ನೇರವಾಗಿ ಜೋಡಣೆಯಾಗಿರುವುದು ಸಾಮಾನ್ಯವಾಗಿ ಅತ್ಯುತ್ತಮ. ಯಾವುದೋ ಒಂದು ಮಹಡಿಯ ಸ್ವಿಚ್ಚಿನ ಹಿಂದೆ ಅದನ್ನು ಇಟ್ಟರೆ, ಆ ಮಹಡಿಯವರಿಗೆ ಅನುಕೂಲವಾದರೂ ಉಳಿದವರೆಲ್ಲರೂ ತಮ್ಮ ಸ್ವಿಚ್ಚಿನ ಜೊತೆಗೆ ಆ ಸ್ವಿಚ್ಚನ್ನೂ ನಂಬಿಕೊಳ್ಳಬೇಕಾಗುತ್ತದೆ. ಜೊತೆಗೆ ದಟ್ಟಣೆಯ ತೊಂದರೆಯೂ ಇದೆ. 24 ಗಿಗಾಬಿಟ್ ಪೋರ್ಟುಗಳಿರುವ ಸ್ವಿಚ್ಚಿನಿಂದ ಮುಖ್ಯ ಸ್ವಿಚ್ಚಿಗೆ ಒಂದೇ ಗಿಗಾಬಿಟ್ ಸಂಪರ್ಕವಿದ್ದರೆ, ಎಲ್ಲರೂ ಸೇರಿ ಹಂಚಿಕೊಳ್ಳಬೇಕಾದದ್ದು ವಾಸ್ತವದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಮಾತ್ರ. ಒಬ್ಬರು ದೊಡ್ಡ ವಿಡಿಯೊ ಕಡತವನ್ನು ನಕಲು ಮಾಡತೊಡಗಿದಾಗ ಇನ್ನೊಬ್ಬರ ಲೆಕ್ಕದ ಹಾಳೆ ತೆರೆಯದೆ ನಿಂತರೆ, ಸರ್ವರ್ ಕೆಟ್ಟಿದೆ ಎಂದೇ ದೂರು ಬರುತ್ತದೆ. ಸರ್ವರಿಗೂ ಮುಖ್ಯ ಸ್ವಿಚ್ಚಿಗೂ ನಡುವೆ 10 ಗಿಗಾಬಿಟ್ ಸಂಪರ್ಕ ಕೊಟ್ಟು, ಬ್ಯಾಕಪ್ಪಿನ ಹರಿವಿಗೆ ಬೇರೆಯೇ ಪೋರ್ಟನ್ನು ಮೀಸಲಿಟ್ಟರೆ ಈ ದೂರುಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಬಳಕೆದಾರರಿಗೂ ಫೈಲ್ ಸರ್ವರಿಗೂ ನಡುವೆ ಫೈರ್‌ವಾಲ್ ಇರಬೇಕೇ ಎಂಬುದು ಯೋಚಿಸಿ ತೀರ್ಮಾನಿಸಬೇಕಾದ ವಿಷಯ. ಸರ್ವರುಗಳನ್ನು ಬೇರೆ ವಿಎಲ್ಯಾನಿನಲ್ಲಿ, ಅಂದರೆ ಅದೇ ಸ್ವಿಚ್ಚುಗಳೊಳಗೆ ಬೇರ್ಪಡಿಸಿದ ಪ್ರತ್ಯೇಕ ನೆಟ್‌ವರ್ಕಿನಲ್ಲಿ, ಇಡುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಇಂಟರ್ನೆಟ್ ಸಂಪರ್ಕವನ್ನು ಕಾಯಲೆಂದು ತಂದ ಪುಟ್ಟ ಫೈರ್‌ವಾಲಿನ ಮೂಲಕವೇ ಒಳಗಿನ ಎಲ್ಲ ಕಡತಗಳೂ ಹಾದುಹೋಗುವಂತೆ ಮಾಡಿದರೆ, ಆ ಒಂದು ಪೆಟ್ಟಿಗೆ ಇಡೀ ಸಂಸ್ಥೆಯ ಕೆಲಸವನ್ನು ಹಿಡಿದಿಡುವ ಬಿಂದುವಾಗುತ್ತದೆ. ವಿಂಡೋಸಿನ ಹಂಚಿಕೆಯ ಫೋಲ್ಡರುಗಳು ಬಳಸುವ ಎಸ್‌ಎಂಬಿ ಸಂಪರ್ಕ 445ನೇ ಪೋರ್ಟಿನ (ಇದು ಕೇಬಲ್ ಸಿಕ್ಕಿಸುವ ಪೋರ್ಟಲ್ಲ, ಸೇವೆಯನ್ನು ಗುರುತಿಸುವ ಸಂಖ್ಯೆ) ಮೇಲೆ ಗಂಟೆಗಟ್ಟಲೆ ತೆರೆದೇ ಇರುತ್ತದೆ. ಸುಮ್ಮನಿರುವ ಸಂಪರ್ಕಗಳನ್ನು ಕೆಲ ಹೊತ್ತಿನ ಬಳಿಕ ಕತ್ತರಿಸುವ ಫೈರ್‌ವಾಲ್, ಊಟ ಮುಗಿಸಿ ಬಂದವರು ಕಡತವನ್ನು ಉಳಿಸಲು ಹೋದಾಗ ಕೈಕೊಡುವುದಕ್ಕೆ ಕಾರಣವಾಗಬಹುದು. ಮುಖ್ಯ ಸ್ವಿಚ್ಚಿಗೆ ವಿಎಲ್ಯಾನುಗಳ ನಡುವೆ ದಾರಿ ತೋರಿಸುವ ಸಾಮರ್ಥ್ಯವಿದ್ದರೆ ಆ ಕೆಲಸವನ್ನು ಅದಕ್ಕೇ ವಹಿಸಿ, ಎಸ್‌ಎಂಬಿಯ 445 ಮತ್ತು ಲಿನಕ್ಸ್ ಯಂತ್ರಗಳು ಕಡತ ಹಂಚಿಕೊಳ್ಳಲು ಹೆಚ್ಚಾಗಿ ಬಳಸುವ ಎನ್‌ಎಫ್‌ಎಸ್‌ನ 2049 ಪೋರ್ಟುಗಳಂಥ ಅಗತ್ಯವಾದವುಗಳನ್ನು ಮಾತ್ರ ಒಳಗೆ ಬಿಡುವ ನಿಯಮವನ್ನು ಅಲ್ಲಿಯೇ ಬರೆಯುವುದು ಮೇಲು.

ದೂರದ ಶಾಖೆಗಳ ವಿಷಯದಲ್ಲಿ ವೇಗಕ್ಕಿಂತ ವಿಳಂಬವನ್ನು ಮುಖ್ಯವಾಗಿ ನೋಡಬೇಕು. ಒಂದು ಫೋಲ್ಡರನ್ನು ತೆರೆಯುವಾಗ ಕಂಪ್ಯೂಟರೂ ಸರ್ವರೂ ಹಲವು ಬಾರಿ ಪ್ರಶ್ನೋತ್ತರ ನಡೆಸುತ್ತವೆ. ನೂರಾರು ಸಣ್ಣ ಕಡತಗಳಿರುವ ಕೆಲಸವಾದರೆ ಆ ಪ್ರಶ್ನೋತ್ತರಗಳು ಸುಲಭವಾಗಿ ಸಾವಿರ ದಾಟುತ್ತವೆ. ಒಂದೇ ಕಟ್ಟಡದೊಳಗೆ ಒಂದು ಪ್ರಶ್ನೋತ್ತರಕ್ಕೆ ಅರ್ಧ ಮಿಲಿಸೆಕೆಂಡ್ ಹಿಡಿದರೆ ಸಾವಿರಕ್ಕೆ ಅರ್ಧ ಸೆಕೆಂಡು; ದೂರದ ಸಂಪರ್ಕದಲ್ಲಿ 40 ಮಿಲಿಸೆಕೆಂಡ್ ಹಿಡಿದರೆ ಅದೇ ಕೆಲಸಕ್ಕೆ 40 ಸೆಕೆಂಡು. ಸಂಪರ್ಕದ ಅಗಲವನ್ನು ಎಷ್ಟು ಹೆಚ್ಚಿಸಿದರೂ ಈ 40 ಸೆಕೆಂಡು ಕಡಿಮೆಯಾಗುವುದಿಲ್ಲ. ಆದ್ದರಿಂದ ದಿನವಿಡೀ ಕಡತಗಳ ಮೇಲೆಯೇ ಕೆಲಸ ಮಾಡುವ ಶಾಖೆಗೆ ಅಲ್ಲಿಯೇ ಒಂದು ಸಣ್ಣ ಫೈಲ್ ಸರ್ವರ್ ಇರಲಿ, ಅದರ ಪ್ರತಿ ಮುಖ್ಯ ಕಚೇರಿಗೆ ಬರಲಿ. ಹೊರಗಿನ ಸಂಪರ್ಕ ಕಡಿದುಹೋದ ದಿನವೂ ಆಗ ಶಾಖೆಯ ಕೆಲಸ ನಿಲ್ಲುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು: ಒಂದು ಸರ್ವರಿನ ಕಡತಗಳನ್ನು ಇನ್ನೊಂದಕ್ಕೆ ತಾನಾಗಿ ನಕಲಿಸುವ, ವಿಂಡೋಸಿನ ಡಿಎಫ್‌ಎಸ್ ಪ್ರತಿಕರಣದಂಥ ವ್ಯವಸ್ಥೆಗಳು ಒಂದು ಕಡೆ ತೆರೆದ ಕಡತಕ್ಕೆ ಇನ್ನೊಂದು ಕಡೆ ಬೀಗ ಹಾಕುವುದಿಲ್ಲ, ಎರಡೂ ಕಡೆ ತಿದ್ದಿದರೆ ಕೊನೆಯಲ್ಲಿ ತಿದ್ದಿದವರ ಪ್ರತಿಯೇ ಉಳಿಯುತ್ತದೆ. ಪ್ರತಿಯೊಂದು ಫೋಲ್ಡರಿಗೂ ಬರೆಯುವ ಸ್ಥಳ ಒಂದೇ ಎಂದು ಗೊತ್ತುಮಾಡಿ, ಇನ್ನೊಂದು ಕಡೆಯದನ್ನು ಓದುವುದಕ್ಕೆ ಮಾತ್ರ ತೆರೆದಿಡುವುದು ಕ್ಷೇಮ.

ಎರಡು ಕೇಬಲ್, ಎರಡು ಸ್ವಿಚ್

ಸರ್ವರಿನಿಂದ ಕನಿಷ್ಠ ಎರಡು ಕೇಬಲುಗಳು ಹೊರಡಬೇಕು, ಅವೆರಡೂ ಬೇರೆ ಬೇರೆ ಸ್ವಿಚ್ಚುಗಳನ್ನು ತಲುಪಬೇಕು. ಎರಡು ಪೋರ್ಟುಗಳೂ ಒಂದೇ ಕಾರ್ಡಿನ ಮೇಲಿದ್ದರೆ ಕಾರ್ಡ್ ಕೆಟ್ಟಾಗ ಎರಡೂ ಹೋಗುತ್ತವೆ. ಮದರ್‌ಬೋರ್ಡಿನ ಒಂದು ಪೋರ್ಟನ್ನೂ ಪ್ರತ್ಯೇಕ ಕಾರ್ಡಿನ ಒಂದು ಪೋರ್ಟನ್ನೂ ಬಳಸಿದರೆ ಆ ಅಪಾಯ ತಪ್ಪುತ್ತದೆ. ಈ ಎರಡನ್ನು ಒಂದಾಗಿ ಕಟ್ಟುವುದಕ್ಕೆ ಎರಡು ದಾರಿಗಳಿವೆ. ಒಂದು ಕೆಲಸ ಮಾಡುತ್ತಿರುವಾಗ ಇನ್ನೊಂದು ಸುಮ್ಮನೆ ಕಾದು ಕುಳಿತು, ಮೊದಲನೆಯದು ಕಡಿದಾಗ ಎದ್ದು ನಿಲ್ಲುವ ವಿಧಾನಕ್ಕೆ ಸ್ವಿಚ್ಚಿನಲ್ಲಿ ಯಾವ ವಿಶೇಷ ಸಿದ್ಧತೆಯೂ ಬೇಕಿಲ್ಲ. ಎರಡನ್ನೂ ಏಕಕಾಲಕ್ಕೆ ಬಳಸುವ ಎಲ್‌ಎಸಿಪಿ ವಿಧಾನಕ್ಕೆ ಸ್ವಿಚ್ಚಿನ ಒಪ್ಪಿಗೆ ಬೇಕು. ಎರಡು ಬೇರೆ ಸ್ವಿಚ್ಚುಗಳಿಗೆ ಹೋಗುವ ಕೇಬಲುಗಳಾದರೆ ಆ ಸ್ವಿಚ್ಚುಗಳು ಒಂದೇ ಸಾಧನದಂತೆ ನಡೆದುಕೊಳ್ಳಲು ಶಕ್ತವಾಗಿರಬೇಕು. ಎಲ್‌ಎಸಿಪಿಯಲ್ಲಿ ಒಬ್ಬ ಬಳಕೆದಾರರ ಒಂದು ನಕಲು ಕೆಲಸ ಒಂದೇ ಕೇಬಲಿನ ಮೂಲಕ ಸಾಗುವುದರಿಂದ ಅವರಿಗೆ ಎರಡುಪಟ್ಟು ವೇಗ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಭದ್ರತೆಯೊಂದೇ ಗುರಿಯಾಗಿದ್ದರೆ ನಾನು ಮೊದಲನೆಯ ವಿಧಾನವನ್ನೇ ಆರಿಸುತ್ತೇನೆ. ಅದರಲ್ಲಿ ತಪ್ಪಾಗಿ ಹೊಂದಿಸಲು ಅವಕಾಶವೇ ಕಡಿಮೆ.

ಒಂದರ ಮೇಲೊಂದು ಜೋಡಿಸಿ ಒಂದಾಗಿ ನಡೆಸುವ ಸ್ವಿಚ್ಚುಗಳ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ಯಂತ್ರಾಂಶ ಎರಡಾದರೂ ಅವುಗಳನ್ನು ನಡೆಸುವ ತಂತ್ರಾಂಶ ಒಂದೇ ಆಗಿರುವುದರಿಂದ, ಆ ತಂತ್ರಾಂಶವನ್ನು ನವೀಕರಿಸುವಾಗ ಬಹಳಷ್ಟು ಮಾದರಿಗಳಲ್ಲಿ ಇಡೀ ಜೋಡಿ ಒಟ್ಟಿಗೆ ಮರುಚಾಲನೆಯಾಗುತ್ತದೆ. ಅಂಥಲ್ಲಿ ನವೀಕರಣಕ್ಕೆಂದು ಬಿಡುವಿನ ವೇಳೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸ್ವಿಚ್ಚುಗಳ ನಡುವೆ ಎರಡು ದಾರಿಗಳಿದ್ದರೆ ಹರಿವು ಸುತ್ತಿ ಸುತ್ತಿ ಬರದಂತೆ ತಡೆಯುವುದಕ್ಕೆ ಸ್ಪ್ಯಾನಿಂಗ್ ಟ್ರೀ ಇರಲೇಬೇಕು. ಅದರ ಹಳೆಯ ರೂಪ ಹೊಸ ದಾರಿಗೆ ಹೊರಳಲು 30ರಿಂದ 50 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಕಾಯದೆ ಕೈಚೆಲ್ಲುವ ತಂತ್ರಾಂಶಗಳು ಬಹಳ. ಅದರ ವೇಗದ ರೂಪವನ್ನು ಎಲ್ಲ ಸ್ವಿಚ್ಚುಗಳಲ್ಲೂ ಚಾಲನೆಗೊಳಿಸಿ, ಸರ್ವರ್ ಜೋಡಿಸಿರುವ ಪೋರ್ಟನ್ನು ಅಂಚಿನ ಪೋರ್ಟ್ ಎಂದು ಗುರುತಿಸಿದರೆ ಸರ್ವರ್ ಮರುಚಾಲನೆಯಾದ ಕೂಡಲೇ ಅದು ತೆರೆದುಕೊಳ್ಳುತ್ತದೆ.

ಒಮ್ಮೆಗೆ ಸಾಗುವ ದತ್ತಾಂಶದ ತುಣುಕನ್ನು ಸಾಮಾನ್ಯ 1,500 ಬೈಟಿಗಿಂತ ದೊಡ್ಡದಾಗಿಸುವ ಜಂಬೊ ಫ್ರೇಮಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಸರ್ವರನ್ನೂ ಬ್ಯಾಕಪ್ ಯಂತ್ರವನ್ನೂ 9,000 ಬೈಟಿಗೆ ಹೊಂದಿಸಿ, ನಡುವಿನ ಒಂದು ಸ್ವಿಚ್ಚನ್ನು ಮಾತ್ರ 1,500ರಲ್ಲೇ ಬಿಟ್ಟರೆ ದೋಷ ಬಲು ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ಯಂತ್ರ ಎದ್ದಿದೆಯೇ ಎಂದು ಕೇಳುವ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಲಾಗಿನ್ ಆಗುತ್ತದೆ, ಚಿಕ್ಕ ಕಡತಗಳೂ ತೆರೆಯುತ್ತವೆ; ಆದರೆ ದೊಡ್ಡ ಕಡತದ ನಕಲು ಶುರುವಾದ ತಕ್ಷಣ ನಿಂತುಬಿಡುತ್ತದೆ, ಯಾವ ದೋಷಸಂದೇಶವೂ ಕಾಣುವುದಿಲ್ಲ. ದಾರಿಯ ಪ್ರತಿಯೊಂದು ಸಾಧನವನ್ನೂ ಹೊಂದಿಸಲು ಸಾಧ್ಯವಿಲ್ಲದಿದ್ದರೆ ಜಂಬೊ ಫ್ರೇಮನ್ನು ಮುಟ್ಟದಿರುವುದೇ ಲೇಸು.

ಕಾಣದ ಅವಲಂಬನೆಗಳು

ಫೈಲ್ ಸರ್ವರಿನ ವಿಳಾಸ ಸ್ಥಿರವಾಗಿರಬೇಕು, ಡಿಎಚ್‌ಸಿಪಿ ಹಂಚುವ ವಿಳಾಸಗಳ ಗುಂಪಿನ ಹೊರಗಿರಬೇಕು. ಡಿಎನ್‌ಎಸ್ ಸರ್ವರುಗಳು ಎರಡಾದರೂ ಇರಬೇಕು. ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯಂಥ ಲಾಗಿನ್ ವ್ಯವಸ್ಥೆಯಲ್ಲಿ, ಸಮಯ ನಮೂದಿಸಿದ ಚೀಟಿಗಳಿಂದ ಗುರುತು ಪರೀಕ್ಷಿಸುವ ಕೆರ್ಬೆರೊಸ್ ಬಳಕೆಯಾಗುವುದರಿಂದ ಯಂತ್ರಗಳ ಗಡಿಯಾರಗಳ ನಡುವಿನ ಅಂತರ 5 ನಿಮಿಷವನ್ನು ಮೀರಿದರೆ, ಗುಪ್ತಪದ ಸರಿಯಿದ್ದರೂ ಪ್ರವೇಶ ಸಿಗುವುದಿಲ್ಲ. ಬಳಕೆದಾರರಿಗೆ ಕೊಡುವ ಹೆಸರು ಯಂತ್ರದ ಹೆಸರಾಗಿರದೆ ಸೇವೆಯ ಹೆಸರಾಗಿರಲಿ. ಮುಂದೆ ಯಂತ್ರ ಬದಲಾದಾಗ ಡಿಎನ್‌ಎಸ್ ದಾಖಲೆಯನ್ನು ತಿದ್ದಿದರೆ ಸಾಕು, ಪ್ರತಿ ಕಂಪ್ಯೂಟರಿನಲ್ಲೂ ದಾರಿಯನ್ನು ಮತ್ತೆ ಬರೆಯಬೇಕಾಗುವುದಿಲ್ಲ. ಹೀಗೆ ಅಡ್ಡಹೆಸರು ಕೊಟ್ಟಾಗ ಅದನ್ನು ಲಾಗಿನ್ ವ್ಯವಸ್ಥೆಯಲ್ಲಿಯೂ ಸರ್ವರಿನ ಇನ್ನೊಂದು ಹೆಸರೆಂದು ನೋಂದಾಯಿಸಬೇಕು. ಇಲ್ಲದಿದ್ದರೆ ಕೆರ್ಬೆರೊಸ್ ಅದನ್ನು ಗುರುತಿಸುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ಸುತ್ತುವ ಅವಲಂಬನೆ. ಒಂದು ಕಚೇರಿಯಲ್ಲಿ ವರ್ಚುವಲ್ ಯಂತ್ರಗಳ, ಅಂದರೆ ಒಂದು ನಿಜವಾದ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಕಂಪ್ಯೂಟರುಗಳ, ಡಿಸ್ಕ್ ಕಡತಗಳೆಲ್ಲ ಎನ್‌ಎಫ್‌ಎಸ್ ಮೂಲಕ ಫೈಲ್ ಸರ್ವರಿನಲ್ಲಿವೆ ಎಂದುಕೊಳ್ಳೋಣ. ಡಿಎನ್‌ಎಸ್ ಸರ್ವರ್ ಕೂಡ ಅಂಥದೊಂದು ವರ್ಚುವಲ್ ಯಂತ್ರ. ವರ್ಚುವಲ್ ಯಂತ್ರಗಳನ್ನು ನಡೆಸುವ ಹೋಸ್ಟ್, ಫೈಲ್ ಸರ್ವರನ್ನು ಹೆಸರಿನಿಂದ ಹುಡುಕುವಂತೆ ಹೊಂದಿಸಲ್ಪಟ್ಟಿದೆ. ಎಲ್ಲವೂ ಚಾಲನೆಯಲ್ಲಿರುವಷ್ಟು ಕಾಲ ಇದರಲ್ಲಿ ಯಾವ ಲೋಪವೂ ಕಾಣುವುದಿಲ್ಲ. ಒಮ್ಮೆ ವಿದ್ಯುತ್ತು ಪೂರ್ತಿ ಹೋಗಿ ಬಂದಾಗ ಮಾತ್ರ ಗಂಟು ಬಿಗಿಯುತ್ತದೆ: ಹೋಸ್ಟಿಗೆ ಫೈಲ್ ಸರ್ವರಿನ ವಿಳಾಸ ತಿಳಿಯಬೇಕಾದರೆ ಡಿಎನ್‌ಎಸ್ ಬೇಕು, ಡಿಎನ್‌ಎಸ್ ಏಳಬೇಕಾದರೆ ಹೋಸ್ಟಿಗೆ ಫೈಲ್ ಸರ್ವರ್ ಸಿಗಬೇಕು. ಎರಡೂ ಒಂದಕ್ಕೊಂದು ಕಾಯುತ್ತ ಕೂರುತ್ತವೆ. ಹೋಸ್ಟಿನಲ್ಲಿ ಫೈಲ್ ಸರ್ವರಿನ ಅಂಕಿಯ ವಿಳಾಸವನ್ನೇ ಬರೆದಿಡುವುದು, ಇಲ್ಲವೇ ಒಂದು ಡಿಎನ್‌ಎಸ್ ಸರ್ವರನ್ನಾದರೂ ಹೋಸ್ಟಿನ ಸ್ವಂತ ಡಿಸ್ಕಿನಲ್ಲಿ ಇಡುವುದು ಇದಕ್ಕೆ ಪರಿಹಾರ. ನಕ್ಷೆಯ ಮೇಲೆ ಅವಲಂಬನೆಯ ಬಾಣಗಳನ್ನು ಎಳೆದಾಗ ಯಾವ ಬಾಣವೂ ಹೊರಟಲ್ಲಿಗೇ ಮರಳಬಾರದು. ಸಾಧನಗಳನ್ನು ಯಾವ ಕ್ರಮದಲ್ಲಿ ಎಬ್ಬಿಸಬೇಕು ಎಂಬುದೂ ಆ ಬಾಣಗಳಿಂದಲೇ ತಿಳಿಯುತ್ತದೆ: ಸ್ವಿಚ್ಚುಗಳು ಮೊದಲು, ಆಮೇಲೆ ಡಿಎನ್‌ಎಸ್ ಮತ್ತು ಲಾಗಿನ್ ಸೇವೆ, ಬಳಿಕ ಫೈಲ್ ಸರ್ವರ್, ಕೊನೆಗೆ ಅದನ್ನು ನಂಬಿಕೊಂಡ ಉಳಿದವು.

ಎರಡನೆಯ ಸರ್ವರ್

ಒಂದು ಸರ್ವರ್ ನಿಂತರೆ ಇನ್ನೊಂದು ಅದರ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾದರೆ ಅವೆರಡೂ ಬೇರೆ ಸ್ವಿಚ್ಚು, ಬೇರೆ ವಿದ್ಯುತ್ ಸಾಲು, ಸಾಧ್ಯವಾದರೆ ಬೇರೆ ಕೋಣೆಯಲ್ಲಿರಬೇಕು. ಎರಡೂ ವರ್ಚುವಲ್ ಯಂತ್ರಗಳಾಗಿದ್ದರೆ ಒಂದೇ ಹೋಸ್ಟಿನ ಮೇಲೆ ಎಂದೂ ಸೇರದಂತೆ ನಿಯಮ ಹಾಕಬೇಕು. ಹಾಕದಿದ್ದರೆ ಹೋಸ್ಟುಗಳ ಹೊರೆಯನ್ನು ಸಮತೂಗಿಸುವ ತಂತ್ರಾಂಶವೇ ಒಂದು ದಿನ ಅವೆರಡನ್ನೂ ಒಂದೆಡೆ ತಂದಿಟ್ಟೀತು.

ಎರಡೇ ಸರ್ವರುಗಳಿರುವ ಜೋಡಿಯಲ್ಲಿ ಒಂದು ಮೂಲಭೂತ ತೊಡಕಿದೆ. ಅವುಗಳ ನಡುವಿನ ಸಂಪರ್ಕ ಕಡಿದಾಗ, ಇನ್ನೊಂದು ಸತ್ತಿದೆಯೋ ಅಥವಾ ಕೇಬಲ್ ಮಾತ್ರ ಕಡಿದಿದೆಯೋ ಎಂದು ತಿಳಿಯಲು ಎರಡಕ್ಕೂ ದಾರಿಯಿಲ್ಲ. ಎರಡೂ ತಾನೇ ಮುಖ್ಯ ಎಂದು ತಿಳಿದು ಬರೆಯತೊಡಗಿದರೆ, ಒಂದೇ ಕಡತದ ಎರಡು ಬೇರೆ ಬೇರೆ ಇತಿಹಾಸಗಳು ಹುಟ್ಟುತ್ತವೆ. ಅವನ್ನು ಮತ್ತೆ ಒಂದುಗೂಡಿಸುವುದು ಕೈಯಿಂದ ಮಾಡಬೇಕಾದ ನೋವಿನ ಕೆಲಸ. ಇದನ್ನು ತಡೆಯಲು ಮೂರನೆಯ ಸಾಕ್ಷಿಯೊಂದು ಬೇಕು. ಅದಕ್ಕೆ ಹೆಚ್ಚಿನ ಸಾಮರ್ಥ್ಯವೇನೂ ಬೇಕಿಲ್ಲ, ಯಾರ ಪರ ಮತ ಹಾಕಬೇಕು ಎಂಬುದಷ್ಟೇ ಅದರ ಕೆಲಸ. ಆದರೆ ಅದರ ಸ್ಥಾನ ಬಹಳ ಮುಖ್ಯ: ಸಾಕ್ಷಿ ಮೊದಲ ಸರ್ವರಿನ ಸ್ವಿಚ್ಚಿನಲ್ಲೇ ಇದ್ದರೆ, ಆ ಸ್ವಿಚ್ ಕೆಟ್ಟಾಗ ಎರಡು ಮತಗಳು ಒಮ್ಮೆಗೇ ಹೋಗಿ, ಎರಡನೆಯ ಸರ್ವರ್ ಆರೋಗ್ಯವಾಗಿದ್ದರೂ ಬಹುಮತವಿಲ್ಲದೆ ನಿಂತುಬಿಡುತ್ತದೆ. ಸಾಕ್ಷಿ ಎರಡೂ ಸರ್ವರುಗಳಿಂದ ಸ್ವತಂತ್ರವಾದ ಮೂರನೆಯ ಜಾಗದಲ್ಲೇ ಇರಬೇಕು.

ಬರೆದದ್ದು ಎರಡೂ ಕಡೆ ತಲುಪಿದ ಮೇಲೆಯೇ ಮುಗಿಯಿತೆನ್ನುವ ಪ್ರತಿಕರಣಕ್ಕೆ ದೂರದ ಮಿತಿಯಿದೆ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 100 ಕಿಲೋಮೀಟರ್ ದೂರ ಹೋಗಿಬರಲು ಕನಿಷ್ಠ 1 ಮಿಲಿಸೆಕೆಂಡ್ ಬೇಕು. ಪ್ರತಿಯೊಂದು ಬರಹವೂ ಅಷ್ಟು ಕಾಯುತ್ತದೆ. ಒಂದೇ ಆವರಣದೊಳಗೆ ಈ ವಿಧಾನವನ್ನು ಬಳಸಿ, ದೂರದ ಊರಿಗೆ ತುಸು ತಡವಾಗಿ ತಲುಪುವ ಪ್ರತಿಯನ್ನು ಒಪ್ಪಿಕೊಳ್ಳುವುದು ಸೂಕ್ತ.

ಬಳಕೆದಾರರ ಕಡೆಯ ಹೊಂದಿಕೆಯನ್ನೂ ಮರೆಯಬಾರದು. ವಿಂಡೋಸ್ ಸರ್ವರ್ 2012 ಮತ್ತು ವಿಂಡೋಸ್ 8ರೊಂದಿಗೆ ಬಂದ ಎಸ್‌ಎಂಬಿ 3.0ರಲ್ಲಿ, ಅದಕ್ಕೆಂದೇ ಸಿದ್ಧಗೊಳಿಸಿದ ಕ್ಲಸ್ಟರಿನ (ಒಂದಾಗಿ ನಡೆಯುವ ಸರ್ವರುಗಳ ಗುಂಪಿನ) ಹಂಚಿಕೆಯಾದರೆ, ಸರ್ವರ್ ಬದಲಾದರೂ ತೆರೆದ ಕಡತ ಕೈಬಿಡುವುದಿಲ್ಲ. ಎನ್‌ಎಫ್‌ಎಸ್‌ನಲ್ಲಿ ಸರ್ವರಿನ ಫೋಲ್ಡರನ್ನು ಕಂಪ್ಯೂಟರಿಗೆ ಜೋಡಿಸಿಕೊಳ್ಳುವಾಗ ಹಾರ್ಡ್ ಮೌಂಟ್ ಮಾಡಿದ್ದರೆ ಸರ್ವರ್ ಮರಳುವವರೆಗೂ ತಂತ್ರಾಂಶ ಕಾದು, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸಾಫ್ಟ್ ಮೌಂಟ್ ಮಾಡಿದ್ದರೆ ಕೆಲ ಹೊತ್ತಿನ ಬಳಿಕ ದೋಷ ಹಿಂದಿರುಗಿ, ಅದನ್ನು ಗಮನಿಸದ ತಂತ್ರಾಂಶ ಅರೆಬರೆ ಕಡತವನ್ನು ಬಿಟ್ಟುಹೋಗಬಹುದು. ಬರೆಯುವ ಕಡತಗಳಿರುವಲ್ಲಿ ಹಾರ್ಡ್ ಮೌಂಟನ್ನೇ ಬಳಸಬೇಕು.

ಎರಡನೆಯ ಸರ್ವರ್ ಬ್ಯಾಕಪ್ ಅಲ್ಲ. ಅಳಿಸಿದ ಕಡತ ಅಲ್ಲಿಯೂ ಕ್ಷಣದಲ್ಲಿ ಅಳಿಯುತ್ತದೆ, ರ‍್ಯಾನ್ಸಮ್‌ವೇರ್ ಕೆಡಿಸಿದ ಕಡತ ಅಲ್ಲಿಯೂ ಕೆಟ್ಟೇ ತಲುಪುತ್ತದೆ. ಬ್ಯಾಕಪ್ ಯಂತ್ರ ಬೇರೆ ವಿಎಲ್ಯಾನಿನಲ್ಲಿ, ಬೇರೆ ಗುಪ್ತಪದದೊಂದಿಗೆ ಇರಬೇಕು; ಫೈಲ್ ಸರ್ವರ್ ತಾನಾಗಿ ಅದರೊಳಗೆ ಬರೆಯುವ ಬದಲು, ಬ್ಯಾಕಪ್ ಯಂತ್ರವೇ ಬಂದು ಕಡತಗಳನ್ನು ಓದಿಕೊಂಡು ಹೋಗುವಂತಿರಬೇಕು. ಒಂದು ಪ್ರತಿ ಆ ಕಟ್ಟಡದ ಹೊರಗೂ ಇರಲಿ.

ಕೋಣೆ ಮತ್ತು ವಿದ್ಯುತ್ತು

ಸರ್ವರಿನ ಎರಡು ಪವರ್ ಸಪ್ಲೈಗಳನ್ನು ಎರಡು ಬೇರೆ ಯುಪಿಎಸ್‌ಗಳಿಗೆ ಜೋಡಿಸಬೇಕು. ಸರ್ವರಿಗೆ ಯುಪಿಎಸ್ ಕೊಟ್ಟು ಮಹಡಿಯ ಸ್ವಿಚ್ಚನ್ನು ಮರೆಯುವುದು ಬಹಳ ಸಾಮಾನ್ಯ. ವಿದ್ಯುತ್ತು ಹೋದಾಗ ಸರ್ವರ್ ನಡೆಯುತ್ತಲೇ ಇರುತ್ತದೆ, ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಮಾತ್ರ ಅದು ಸಿಗುವುದಿಲ್ಲ. ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆಯನ್ನು ಯುಪಿಎಸ್ ನೆಟ್‌ವರ್ಕಿನ ಮೂಲಕ ಕಳಿಸುವುದಾದರೆ ಆ ಸೂಚನೆ ಸಾಗುವ ಸ್ವಿಚ್ಚಿಗೂ ಯುಪಿಎಸ್ ಬೇಕು. ಸರ್ವರಿನೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ನೀರಿನ ಕೊಳವೆಯ ಕೆಳಗೆ, ಎಸಿಯ ನೀರು ತೊಟ್ಟಿಕ್ಕುವಲ್ಲಿ, ನೆಲದ ಮೇಲೆ ಇಡುವುದು ಬೇಡ.

ಕೇಬಲ್ ಎಳೆದು ನೋಡುವುದು

ಪರೀಕ್ಷಿಸದ ಜೋಡಿಯನ್ನು ಜೋಡಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬಳಕೆ ಕಡಿಮೆ ಇರುವ ವೇಳೆಯನ್ನು ಗೊತ್ತುಮಾಡಿ, ಎಲ್ಲರಿಗೂ ತಿಳಿಸಿ, ಬ್ಯಾಕಪ್ ಆಗಿರುವುದನ್ನು ಖಚಿತಪಡಿಸಿಕೊಂಡ ಮೇಲೆ, ಒಂದು ಸಾಮಾನ್ಯ ಕಂಪ್ಯೂಟರಿನಿಂದ ದೊಡ್ಡ ಕಡತವೊಂದರ ನಕಲನ್ನು ಆರಂಭಿಸಿ. ಅದು ಸಾಗುತ್ತಿರುವಾಗಲೇ ಸರ್ವರಿನ ಒಂದು ಕೇಬಲನ್ನು ಎಳೆಯಿರಿ. ನಕಲಿನ ಪ್ರಗತಿ ತೋರಿಸುವ ಪಟ್ಟಿ ಎಷ್ಟು ಹೊತ್ತು ನಿಂತಿತು, ತಾನಾಗಿ ಮುಂದುವರಿಯಿತೇ, ಮುಗಿದ ಕಡತ ಮೂಲದಂತೆಯೇ ಇದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೇಬಲನ್ನು ಮರಳಿ ಸಿಕ್ಕಿಸಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ದಾರಿ ತಪ್ಪಿದಾಗ ಸರಿಯಾಗಿ ಹೊರಳಿದ ವ್ಯವಸ್ಥೆ ಹಿಂದಿರುಗುವಾಗ ಎಡವುವುದುಂಟು. ಬಳಿಕ ಒಂದು ಸ್ವಿಚ್ಚನ್ನು, ಒಂದು ಯುಪಿಎಸ್ಸನ್ನು, ಒಂದು ಡಿಎನ್‌ಎಸ್ ಸರ್ವರನ್ನು ಒಂದೊಂದಾಗಿ ಆಫ್ ಮಾಡಿ ಇದೇ ನಕಲನ್ನು ಮತ್ತೆ ಮಾಡಿ.

ನಿತ್ಯದ ನಿಗಾ ಕೂಡ ಬಳಕೆದಾರರ ಕಡೆಯಿಂದಲೇ ನಡೆಯಬೇಕು. ಸರ್ವರ್ ಪಿಂಗಿಗೆ ಉತ್ತರಿಸುತ್ತಿದೆ ಎಂಬ ಹಸಿರು ದೀಪ ಕಡತ ತೆರೆಯುತ್ತದೆ ಎಂಬುದಕ್ಕೆ ಸಾಕ್ಷಿಯಾಗದು. ಪ್ರತಿ ಮಹಡಿಯ ಒಂದು ಕಂಪ್ಯೂಟರಿನಿಂದ ಕೆಲವು ನಿಮಿಷಗಳಿಗೊಮ್ಮೆ ಸೇವೆಯ ಹೆಸರಿನ ಮೂಲಕವೇ ಒಂದು ಚಿಕ್ಕ ಕಡತವನ್ನು ಓದಿ, ಅದಕ್ಕೆ ಹಿಡಿದ ಸಮಯವನ್ನು ದಾಖಲಿಸುವ ಸಣ್ಣ ಸ್ಕ್ರಿಪ್ಟ್ ಇದ್ದರೆ ಹೆಸರು, ಲಾಗಿನ್, ದಾರಿ, ಡಿಸ್ಕ್ ಎಲ್ಲವೂ ಒಮ್ಮೆಗೇ ಪರೀಕ್ಷೆಗೆ ಒಳಪಡುತ್ತವೆ. ಜೋಡಿಯಲ್ಲಿ ಒಂದು ಸದ್ದಿಲ್ಲದೆ ಕೆಟ್ಟಿದ್ದರೆ ಬಳಕೆದಾರರಿಗೆ ಅದು ಗೊತ್ತಾಗುವುದಿಲ್ಲವಾದ್ದರಿಂದ ಪ್ರತಿಯೊಂದು ಕೇಬಲ್, ಪವರ್ ಸಪ್ಲೈ, ಡಿಸ್ಕಿನ ಸ್ಥಿತಿಗೂ ಪ್ರತ್ಯೇಕ ಎಚ್ಚರಿಕೆ ಬರುವಂತೆ ಮಾಡಬೇಕು. ನಕ್ಷೆಯ ಮುದ್ರಿತ ಪ್ರತಿಯೊಂದು, ಎಬ್ಬಿಸುವ ಕ್ರಮದ ಜೊತೆಗೆ, ಸರ್ವರ್ ಕೋಣೆಯಲ್ಲಿ ಇರಲಿ. ಫೈಲ್ ಸರ್ವರಿನಲ್ಲಿ ಮಾತ್ರ ಇಟ್ಟ ನಕ್ಷೆ, ಬೇಕಾದ ಹೊತ್ತಿನಲ್ಲೇ ತೆರೆಯುವುದಿಲ್ಲ. ಸ್ವಿಚ್ ಬದಲಾದಾಗ, ಹೊಸ ಮಹಡಿ ಸೇರಿದಾಗ, ಲಾಗಿನ್ ಸೇವೆ ಬೇರೆಡೆಗೆ ಹೋದಾಗ ನಕ್ಷೆಯನ್ನು ತಿದ್ದಿ, ಆ ಬದಲಾವಣೆ ಮುಟ್ಟಿದ ಭಾಗದ ಮಟ್ಟಿಗಾದರೂ ಕೇಬಲ್ ಎಳೆಯುವ ಪರೀಕ್ಷೆಯನ್ನು ಮತ್ತೆ ನಡೆಸಬೇಕು.